ಭಾವ ತೀರಿಕೊಂಡರು, ಮನೆಯಲ್ಲಿ ಇಬ್ಬರು ಮಕ್ಕಳು: ಸರ್ಕಾರದ ಸೌಲಭ್ಯಕ್ಕೆ ಯಾವ ಕಚೇರಿಯಿಂದ ಶುರು ಮಾಡಬೇಕು?

ಬಯಲುಸೀಮೆ ಹುಡುಗಿ:

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮದು ಚಿತ್ರದುರ್ಗ ಜಿಲ್ಲೆ. ನಾನು ಕೆಲಸಕ್ಕೆಂದು ಬೆಂಗಳೂರಿನಲ್ಲಿದ್ದೇನೆ. ದೊಡ್ಡಮ್ಮನ ಮಗಳು, ಅಂದರೆ ನನ್ನ ಅಕ್ಕ, ಊರಲ್ಲಿ ಗಂಡನ ಮನೆಯಲ್ಲಿದ್ದಾಳೆ. ಭಾವ ಗಾರೆ ಕೆಲಸ ಮಾಡುತ್ತಿದ್ದರು. ಯುಗಾದಿ ಕಳೆದ ಮೇಲೆ ಒಂದು ರಾತ್ರಿ ಎದೆನೋವು ಎಂದರು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಇನ್ನೂ 36 ವರ್ಷ. ಮಗಳು ಐದನೇ ಕ್ಲಾಸು. ಮಗನಿಗೆ ನಾಲ್ಕು ವರ್ಷ, ಅಂಗನವಾಡಿಗೆ ಹೋಗುತ್ತಾನೆ. ಜೊತೆಗೆ ವಯಸ್ಸಾದ ಅತ್ತೆ ಇದ್ದಾರೆ, ಅವರಿಗೆ ಸಕ್ಕರೆ ಕಾಯಿಲೆ. ಹೇಳಿಕೊಳ್ಳುವಂಥ ಜಮೀನಿಲ್ಲ.

ತಿಥಿಗೆ ಬಂದವರೆಲ್ಲ ಒಂದೊಂದು ಹೇಳಿ ಹೋದರು. ಒಬ್ಬರು ವಿಧವಾ ವೇತನ ಅಂದರು. ಇನ್ನೊಬ್ಬರು ಲೇಬರ್ ಕಾರ್ಡ್ ದುಡ್ಡು ಬರುತ್ತೆ ಅಂದರು. ಅಂಗನವಾಡಿ ಟೀಚರ್, ಇಂಥ ಮಕ್ಕಳಿಗೆ ತಿಂಗಳಿಗೆ 4,000 ಕೊಡುವ ಯೋಜನೆ ಇದೆ ಅಂದರು. ಅಕ್ಕ ಅದನ್ನೆಲ್ಲ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡು ಹೊರಟಳು. ನಾಡಕಚೇರಿಯಲ್ಲಿ ‘ಆದಾಯ ಪ್ರಮಾಣಪತ್ರ ತನ್ನಿ’ ಎಂದರು. ಅದಕ್ಕೆ ಅರ್ಜಿ ಹಾಕಲು ಹೋದರೆ ‘ರೇಷನ್ ಕಾರ್ಡಿನಲ್ಲಿ ಯಜಮಾನರ ಹೆಸರು ಇನ್ನೂ ಇದೆಯಲ್ಲಮ್ಮ’ ಎಂದರು. ಹೆಸರು ತೆಗೆಸಲು ಹೋದರೆ ಮರಣ ಪ್ರಮಾಣಪತ್ರ ಬೇಕು. ಅದು ಇದೆ, ಆದರೆ ಆಧಾರ್‌ನಲ್ಲಿ ಭಾವನ ಹೆಸರು ‘ಸ್ವಾಮಿ’ ಅಂತ ಮುಗಿದರೆ, ಮರಣ ಪತ್ರದಲ್ಲಿ ‘ಪ್ಪ’ ಅಂತ ಮುಗಿಯುತ್ತದೆ. ಆಸ್ಪತ್ರೆಯಲ್ಲಿ ಆ ಗಾಬರಿಯಲ್ಲಿ ಯಾರು ಏನು ಹೇಳಿದರೋ!

4,000ದ ಯೋಜನೆ ಬಗ್ಗೆ ಕೇಳಿದ್ದಕ್ಕೆ ತಾಲ್ಲೂಕು ಕಚೇರಿಯಲ್ಲಿ ‘ಅದು ಜಿಲ್ಲೆಯಲ್ಲಿ, ನಮಗೆ ಬರಲ್ಲ’ ಎಂದು ಕಳಿಸಿದರು. ಲೇಬರ್ ಕಾರ್ಡು ಟ್ರಂಕಿನಲ್ಲಿ ಸಿಕ್ಕಿದೆ. ಚಾಲ್ತಿಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ, ಅಕ್ಷರ ಅಳಿಸಿಹೋಗಿದೆ. ಗೃಹಲಕ್ಷ್ಮಿ ದುಡ್ಡು ಅತ್ತೆಯ ಖಾತೆಗೆ ಬರುತ್ತದೆ, ಕಾರ್ಡಿನಲ್ಲಿ ಅವರೇ ಯಜಮಾನಿ.

ಅಕ್ಕ ಈಗ ಕೂಲಿ ಬಿಟ್ಟು ಕಚೇರಿ ಸುತ್ತುತ್ತಿದ್ದಾಳೆ. ಒಂದು ದಿನದ ಕೂಲಿ ಹೋದರೆ ಅಷ್ಟು ದಿನದ ಸಾರಿಗೆ ತರಕಾರಿ ಇಲ್ಲ. ಬಸ್ಸು ಫ್ರೀ ಇರೋದೇ ಪುಣ್ಯ. ಟೌನಿನಲ್ಲಿ ಒಬ್ಬ ‘ಎಲ್ಲಾ ನಾನೇ ಮಾಡಿಸ್ತೀನಿ, 3,000 ಕೊಡಿ’ ಅಂತಿದ್ದಾನೆ.

ನನ್ನ ಪ್ರಶ್ನೆ ಎರಡು. ಇದನ್ನೆಲ್ಲ ಒಂದೇ ಕಡೆ ಕೂತು ನೋಡುವ ಕಚೇರಿ ಏನಾದರೂ ಇದೆಯಾ? ಇಲ್ಲದಿದ್ದರೆ ಯಾವುದು ಮೊದಲು, ಯಾವುದು ಆಮೇಲೆ? ನನಗೆ ರಜೆ ಸಿಗುವುದು ಕಷ್ಟ. ಊರಿಗೆ ಹೋದಾಗ ಒಂದು ಸಲಕ್ಕೆ ಎಷ್ಟು ಕೆಲಸ ಆಗುತ್ತೋ ಅಷ್ಟು ಮುಗಿಸಬೇಕು.

ಗ್ರಾಮ ಒನ್ ಕೌಂಟರ್:

ಅಕ್ಕಾ, ನಾನು ಬೇರೆ ಜಿಲ್ಲೆಯಲ್ಲಿ ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. ಎಲ್ಲವನ್ನೂ ನೋಡುವ ಕಚೇರಿ ಅಂತ ಒಂದಿಲ್ಲ. ನಮ್ಮಲ್ಲಿ ಹಲವು ಇಲಾಖೆಗಳ ಅರ್ಜಿ ಹಾಕಬಹುದು, ಆದರೆ ನಮ್ಮದು ಅರ್ಜಿ ಹಾಕೋ ಕಿಟಕಿ ಅಷ್ಟೇ. ಮಂಜೂರು ಮಾಡೋರು ಬೇರೆ ಬೇರೆ.

ಆ 3,000 ಕೊಡಬೇಡಿ. ಅವನು ಮಾಡೋದು ಇದೇ ಅರ್ಜಿ, ಇದೇ ಪೋರ್ಟಲ್‌ನಲ್ಲಿ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ. ಭಾವನ ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಮೇ ಕೊನೆ ಅಥವಾ ಜೂನ್ ಶುರುವಿನಲ್ಲಿ 436 ರೂಪಾಯಿ ಕಡಿತ ಆಗಿದೆಯಾ ನೋಡಿ. ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ಯಾವ ಕಾರಣಕ್ಕೆ ತೀರಿಕೊಂಡರೂ ನಾಮಿನಿಗೆ 2 ಲಕ್ಷ ಬರುತ್ತದೆ. 20 ರೂಪಾಯಿ ಕಡಿತ ಆಗಿದ್ದರೆ ಅದು ಬೇರೆ, ಅಪಘಾತಕ್ಕೆ ಮಾತ್ರ. ಖಾತೆ ತೆರೆಯುವಾಗ ಬ್ಯಾಂಕಿನವರು ಸಹಿ ಹಾಕಿಸಿಕೊಂಡಿರುತ್ತಾರೆ, ಮನೆಯವರಿಗೆ ಗೊತ್ತೇ ಇರಲ್ಲ. ಖಾತೆ ಮುಚ್ಚಿಸೋಕೆ ಮುಂಚೆ ನೋಡಿ. ಕ್ಲೇಮ್ ಫಾರಂ ಅದೇ ಬ್ಯಾಂಕ್ ಶಾಖೆಯಲ್ಲಿ ಸಿಗುತ್ತದೆ.

ಅಕ್ಕನ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ಕೇಳಿ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿರೋದು ಬೇರೆ, ಸರ್ಕಾರದ ದುಡ್ಡು ಬರೋಕೆ ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ಆ ಆಧಾರ್ ಸಂಖ್ಯೆಯ ದುಡ್ಡು ಈ ಖಾತೆಗೇ ಹೋಗಬೇಕು ಅಂತ ದಾಖಲಾಗಿರಬೇಕು. ಅದಿಲ್ಲದೆ ಮಂಜೂರಾದ ಪಿಂಚಣಿ ಜಮಾ ಆಗದೆ ನಿಂತಿರೋ ಕೇಸು ನಮ್ಮ ಕೌಂಟರ್‌ಗೆ ಬೇಕಾದಷ್ಟು ಬರುತ್ತವೆ.

ನಿವೃತ್ತ ಮೇಲ್ವಿಚಾರಕಿ:

ತಂಗೀ, ನಿನ್ನ ಅಕ್ಕನಿಗೆ ಮೊದಲು ಒಂದು ಮಾತು ಹೇಳು. ಗಂಡ ಹೋದ ಮನೆಯಲ್ಲಿ ಕೂತು ಅಳುವುದಕ್ಕೂ ಬಿಡದೆ ಈ ಕಾಗದಗಳು ಓಡಿಸುತ್ತವೆ. ಅವಳು ದಡ್ಡಿ ಅಂತ ಹೀಗೆ ಆಗುತ್ತಿಲ್ಲ. ಓದಿದವರನ್ನೂ ಇದು ಹೀಗೆಯೇ ಅಲೆಸುತ್ತದೆ.

ನಾನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದೆ. ನನ್ನ ವೃತ್ತದ ಹಳ್ಳಿಗಳಲ್ಲಿ ಇಂಥ ಮನೆ ಇಲ್ಲದ ವರ್ಷವೇ ಇರಲಿಲ್ಲ. ಹಾಗಾಗಿ ಕ್ರಮ ಹೇಳುತ್ತೇನೆ. ಯಾವ ಕಾಗದ ಯಾವ ಕಾಗದವನ್ನು ಹೆರುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಓಡಾಟ ಉಳಿಯುತ್ತದೆ.

ಮರಣ ಪತ್ರದ ಹೆಸರು ಮೊದಲು ಸರಿಮಾಡಿಸಿ. ಬೇರೆ ಏನನ್ನೂ ಮುಟ್ಟಬೇಡಿ. ‘ನಡೆಯುತ್ತೆ ಬಿಡಿ’ ಅಂತ ಒಬ್ಬ ಗುಮಾಸ್ತ ಬಿಟ್ಟರೂ ಮುಂದಿನ ಕಚೇರಿಯವನು ಹಿಡಿಯುತ್ತಾನೆ. ಎಲ್ಲಿ ನೋಂದಣಿ ಆಗಿದೆಯೋ ಅಲ್ಲೇ ತಿದ್ದುಪಡಿ. ಭಾವನ ಆಧಾರ್, ವೋಟರ್ ಕಾರ್ಡು, ಶಾಲೆಯ ದಾಖಲೆ ಏನಿದೆಯೋ ತೆಗೆದುಕೊಂಡು ಹೋಗಿ. ತಿದ್ದಿದ ಮೇಲೆ ನಾಲ್ಕೈದು ಮೂಲ ಪ್ರತಿ ಪಡೆಯಿರಿ. ವಿಮೆಯವರು, ಕಾರ್ಮಿಕ ಮಂಡಳಿಯವರು ಜೆರಾಕ್ಸ್ ಒಪ್ಪದೆ ಹೋದರೆ ಮತ್ತೆ ಓಡಬೇಕಾಗುತ್ತದೆ. ಅದೇ ಸಲ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೂ (ಮನೆಯವರ ಸಂಬಂಧ ತೋರಿಸುವ ಪತ್ರ) ಅರ್ಜಿ ಹಾಕಿ.

ಆಮೇಲೆ ರೇಷನ್ ಕಾರ್ಡಿನಿಂದ ಹೆಸರು ತೆಗೆಸುವುದು. ತೆಗೆಸುವುದು ಮಾತ್ರ! ಕಾರ್ಡು ಒಡೆಯಲು ಹೋಗಬೇಡಿ, ಆ ವಿಷಯ ಕೊನೆಗೆ ಹೇಳುತ್ತೇನೆ.

ಈಗ ಆದಾಯ ಪ್ರಮಾಣಪತ್ರ. ಇಲ್ಲಿ ಎಚ್ಚರ ಬೇಕು, ಏಕೆಂದರೆ ಎಷ್ಟೋ ಹೆಣ್ಣುಮಕ್ಕಳ ಅರ್ಜಿ ಬಿದ್ದುಹೋಗುವುದು ಇಲ್ಲೇ. ಮನೆಯಲ್ಲಿ ಹಳೇ ಆದಾಯ ಪತ್ರ ಇರುತ್ತದೆ, ಮಗಳ ಸ್ಕಾಲರ್‌ಶಿಪ್‌ಗೆ ಮಾಡಿಸಿದ್ದು. ಐದು ವರ್ಷ ಚಾಲ್ತಿ ಇರುತ್ತದೆ ಅಂತ ಅದನ್ನೇ ಕೊಡುತ್ತಾರೆ. ಅದರಲ್ಲಿ ಗಂಡನ ದುಡಿಮೆ ಸೇರಿರುತ್ತದೆ. ವಿಧವಾ ವೇತನಕ್ಕೆ ವರ್ಷದ ಆದಾಯ 32,000 ದಾಟಬಾರದು. ಮಕ್ಕಳ ಪ್ರಾಯೋಜಕತ್ವಕ್ಕೆ, ಅಂದರೆ ನೀನು ಕೇಳಿದ ಆ 4,000ದ ಯೋಜನೆಗೆ, ಹಳ್ಳಿಯಲ್ಲಾದರೆ 72,000, ಪಟ್ಟಣದಲ್ಲಾದರೆ 96,000. ಬಿಪಿಎಲ್ ಕಾರ್ಡಿಗೆ 1,20,000. ಒಂದೇ ಮನೆ, ಒಂದೇ ಒಲೆ, ಬಡತನಕ್ಕೆ ಮಾತ್ರ ಮೂರು ಅಳತೆ. ನನ್ನ ಸೇವೆ ಮುಗಿಯುವವರೆಗೂ ಇದನ್ನು ಮೀಟಿಂಗ್‌ಗಳಲ್ಲಿ ಕೇಳಿದೆ, ಉತ್ತರ ಕೊಟ್ಟವರಿಲ್ಲ. ದಿನಕ್ಕೆ ನೂರು ರೂಪಾಯಿಯೂ ಬೀಳದ ಲೆಕ್ಕ ಆ 32,000. ಕೂಲಿ ಮಾಡುವ ಯಾವ ಹೆಂಗಸಿನ ಆದಾಯ ಅಷ್ಟು ಕಡಿಮೆ ಇರುತ್ತದೆ ಹೇಳು?

ಹಾಗಾಗಿ ಅಕ್ಕನ ಹೆಸರಿನಲ್ಲಿ, ಗಂಡ ತೀರಿಕೊಂಡ ಮೇಲಿನ ಪರಿಸ್ಥಿತಿಗೆ ಹೊಸ ಆದಾಯ ಪತ್ರ ಮಾಡಿಸಿ. ಸ್ಥಳ ಪರಿಶೀಲನೆಗೆ ಬರುವ ಗ್ರಾಮ ಆಡಳಿತ ಅಧಿಕಾರಿಗೆ (ಹಳಬರು ಇನ್ನೂ ಶಾನುಭೋಗರು ಅನ್ನುತ್ತಾರೆ) ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕೂಲಿ ಸಿಗುವುದು ಎಷ್ಟು ದಿನ, ಸಿಗದಿರುವುದು ಎಷ್ಟು ದಿನ, ಅತ್ತೆಯ ಔಷಧಿ ಖರ್ಚು ಎಷ್ಟು. ಸುಮ್ನೆ ಬಾಯಿಗೆ ಬಂದ ಅಂಕಿ ಬರೆದುಕೊಂಡು ಹೋಗಲು ಬಿಡಬೇಡಿ. ಅವರು ಬರೆದ ಆ ಒಂದು ಸಂಖ್ಯೆ ಮುಂದೆ ಎಲ್ಲ ಇಲಾಖೆಗೂ ಓಡಾಡುತ್ತದೆ.

ಆದಾಯ ಪತ್ರ ಕೈಗೆ ಬಂದ ದಿನವೇ ವಿಧವಾ ವೇತನಕ್ಕೆ ಅರ್ಜಿ. ತಿಂಗಳಿಗೆ 800. ಅದೇ ಕೌಂಟರಿನಲ್ಲಿ ‘ರಾಷ್ಟ್ರೀಯ ಕುಟುಂಬ ನೆರವು’ ಅರ್ಜಿಯನ್ನೂ ಕೇಳಿ. ಬಿಪಿಎಲ್ ಮನೆಯ ದುಡಿಯುವ ವ್ಯಕ್ತಿ 18ರಿಂದ 59 ವರ್ಷದೊಳಗೆ ತೀರಿಕೊಂಡರೆ ಒಂದೇ ಸಲಕ್ಕೆ 20,000. ಎರಡೂ ಕಂದಾಯ ಇಲಾಖೆಯ ಮೇಜೇ. ಆದರೂ ಒಂದಕ್ಕೆ ಹೋದವರಿಗೆ ಇನ್ನೊಂದು ಇದೆ ಅಂತ ತಾವಾಗಿ ಹೇಳುವ ಪದ್ಧತಿಯಿಲ್ಲ. ಕೇಳಿದರೆ ಕೊಡುತ್ತಾರೆ. ಅತ್ತೆಗೆ 65 ತುಂಬಿದೆಯಾ? ವಯಸ್ಸಾದವರ ಪಿಂಚಣಿ ಸಂಧ್ಯಾ ಸುರಕ್ಷಾ ಬರುತ್ತಿದೆಯಾ? ಅದು ತಿಂಗಳಿಗೆ 1,200. ಇಲ್ಲದಿದ್ದರೆ ಅದೇ ದಿನ ಅದಕ್ಕೂ ಹಾಕಿ.

ಪ್ರತಿ ಅರ್ಜಿಗೂ ಸ್ವೀಕೃತಿ ಕೇಳಿ. ಹೇಳಿದ ಸಮಯದೊಳಗೆ ಸೇವೆ ಕೊಡಬೇಕೆನ್ನುವ ‘ಸಕಾಲ’ಕ್ಕೆ ಸೇರಿದ ಸೇವೆಯಾದರೆ ಅರ್ಜಿ ಗುರುತಿಸುವ ಜಿಎಸ್‌ಸಿ ಸಂಖ್ಯೆ ಬರುತ್ತದೆ. 2011ರ ಕಾಯ್ದೆ ಅದು. ನಿಗದಿತ ದಿನದೊಳಗೆ ಆಗದಿದ್ದರೆ ಮೇಲ್ಮನವಿ ಹಾಕುವ ಹಕ್ಕಿದೆ. ಆ ಸಂಖ್ಯೆ ಇಲ್ಲದೆ ‘ಕೊಟ್ಟಿದ್ದೆ ಸಾರ್’ ಅಂದರೆ ಯಾರು ಕೇಳುತ್ತಾರೆ? ಆಗದ ಕೆಲಸಕ್ಕೆ 1902ಗೆ ಫೋನ್ ಮಾಡಿ ದೂರು ದಾಖಲಿಸಬಹುದು.

ಇನ್ನು ಆ 4,000. ಅಂಗನವಾಡಿ ಟೀಚರ್ ಸರಿಯಾಗಿಯೇ ಹೇಳಿದ್ದಾಳೆ. ಅದು ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ. ಬಾಲ ನ್ಯಾಯ ಕಾಯ್ದೆಯಲ್ಲೇ ಇರುವ ವ್ಯವಸ್ಥೆ. ತಂದೆ ಇಲ್ಲದ, ತಾಯಿಗೆ ಸಾಕಲು ಕಷ್ಟವಾದ ಮಗು ಬಾಲಮಂದಿರ ಸೇರದೆ ಮನೆಯಲ್ಲೇ ಬೆಳೆಯಲಿ ಅಂತ ಕೊಡುವ ಹಣ. ಒಂದು ಮಗುವಿಗೆ ತಿಂಗಳಿಗೆ 4,000. ಅರ್ಜಿ ಹೋಗುವುದು ಜಿಲ್ಲಾ ಕೇಂದ್ರದಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅವರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ, ಮೇಲೆ ಒಂದು ಸಮಿತಿ ಒಪ್ಪಬೇಕು. ‘ನಮಗೆ ಬರಲ್ಲ’ ಅಂತ ಅಕ್ಕನನ್ನು ಕಳಿಸಿದರಲ್ಲ, ಅದು ತಪ್ಪು. ತಾಲ್ಲೂಕಿನಲ್ಲಿ ಮಂಜೂರು ಮಾಡುವುದಿಲ್ಲ ನಿಜ. ಆದರೆ ಯಾರನ್ನು ಕಾಣಬೇಕು, ಫೋನ್ ನಂಬರ್ ಏನು ಅಂತ ಒಂದು ಚೀಟಿ ಬರೆದುಕೊಡಬಹುದಿತ್ತು, ಅಲ್ವಾ? ಗೊತ್ತಾಗದಿದ್ದರೆ 1098ಕ್ಕೆ ಕರೆ ಮಾಡಿ ಕೇಳಿ. ಅದು ಮಕ್ಕಳ ಸಹಾಯವಾಣಿ.

ಮನೆ ಭೇಟಿ ಬಗ್ಗೆ ಒಂದು ಹೇಳಬೇಕು. ಒಂದು ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಬಂದಿದ್ದ ಹುಡುಗ ಹೊಸಬ, ಒಳ್ಳೆಯವನೇ. ಒಳಗೆ ಕಾಲಿಟ್ಟವನೇ ಗೋಡೆ ನೋಡಿ ‘ಟಿವಿ ಇದೆ’ ಅಂತ ಬರೆದುಕೊಂಡ. ಟಿವಿ ಇತ್ತು. ಮದುವೆಯಲ್ಲಿ ತವರಿನವರು ಕೊಟ್ಟದ್ದು, ಕೆಟ್ಟು ವರ್ಷಗಳಾಗಿ ಅದರ ಮೇಲೆ ಮಕ್ಕಳ ಬ್ಯಾಗು ಇಡುತ್ತಿದ್ದರು. ಆ ಹೆಣ್ಣುಮಗಳು ನಾಚಿಕೆಗೆ ಕೆಟ್ಟಿದೆ ಅಂತ ಹೇಳಲಿಲ್ಲ. ಬಂದವರ ಮುಂದೆ ಮನೆಯ ಕೊರತೆ ಹೇಳಿಕೊಳ್ಳಬಾರದು ಅಂತ ಬೆಳೆದವಳು ಅವಳು. ಅಡುಗೆಮನೆಗೆ ಕರೆದುಕೊಂಡು ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ತೋರಿಸಿದ ಮೇಲೆ ವರದಿಯ ಧಾಟಿ ಬದಲಾಯಿತು. ನಿನ್ನ ಅಕ್ಕನಿಗೂ ಹೇಳು, ಅವರು ಬರುವ ದಿನ ಮನೆ ಒಪ್ಪ ಮಾಡಿ ಪಕ್ಕದ ಮನೆಯಿಂದ ಕುರ್ಚಿ ತಂದು ಹಾಕುವ ಅಗತ್ಯವಿಲ್ಲ. ಇದ್ದ ಹಾಗೆ ಇರಲಿ.

ಮಂಜೂರಾದರೂ ಹಣ ತಿಂಗಳು ತಿಂಗಳು ಒಂದನೇ ತಾರೀಖಿಗೆ ಬರುತ್ತದೆ ಅಂದುಕೊಳ್ಳಬೇಡಿ. ಕೆಲವು ತಿಂಗಳದ್ದು ಒಟ್ಟಿಗೆ ಬರುವುದೂ ಉಂಟು. ಅದನ್ನು ನಂಬಿ ಸಾಲ ಮಾಡಬೇಡಿ.

ಲೇಬರ್ ಕಾರ್ಡಿನ ಸಂಖ್ಯೆ ಕಾಣುತ್ತಿದ್ದರೆ ಸಾಕು, ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ನವೀಕರಣ ಆಗಿದೆಯೋ ಇಲ್ಲವೋ ನೋಡಿ ಹೇಳುತ್ತಾರೆ. ಚಾಲ್ತಿಯಲ್ಲಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಮರಣ ಸಹಾಯಧನ ಬರುತ್ತದೆ. ಸಹಜ ಸಾವಿಗೂ ಬರುತ್ತದೆ, ಕೆಲಸದ ಜಾಗದಲ್ಲೇ ಆಗಿರಬೇಕೆಂದಿಲ್ಲ. ಗಡುವು ಇರುತ್ತದೆ, ತಡ ಮಾಡಬೇಡಿ.

ಇದಿಷ್ಟಕ್ಕೂ ಒಂದು ಬಟನ್ ಇರುವ ಪ್ಲಾಸ್ಟಿಕ್ ಫೈಲ್ ತೆಗೆದುಕೊಳ್ಳಿ. ಮೇಲೆ ಒಂದು ಹಾಳೆ. ತಾರೀಖು, ಯಾವ ಕಚೇರಿ, ಯಾರು ಮಾತಾಡಿದರು, ಏನು ಕೊಟ್ಟೆವು, ಸ್ವೀಕೃತಿ ಸಂಖ್ಯೆ, ಮುಂದೆ ಯಾವತ್ತು. ಮಗಳು ಐದನೇ ಕ್ಲಾಸು ಅಲ್ವಾ, ಸಂಜೆ ಅವಳ ಕೈಲಿ ಬರೆಸಿ.

ಜಗಲಿಕಟ್ಟೆ:

ಎಲ್ಲದಕ್ಕೂ ಸರ್ಕಾರದ ದುಡ್ಡು ಅಂತ ಕೂತರೆ ದುಡಿಯೋರು ಯಾರು ಮೇಡಂ? ಗ್ಯಾರಂಟಿ ಬಂದಮೇಲೆ ನಮ್ಮ ಕಡೆ ತೋಟಕ್ಕೆ ಕೂಲಿಯವರೇ ಸಿಗ್ತಿಲ್ಲ.

ನಿವೃತ್ತ ಮೇಲ್ವಿಚಾರಕಿ:

ಜಗಲಿಕಟ್ಟೆಯವರೇ, ಮೇಲೆ ಓದಿದಿರಾ? ಆ ಹೆಣ್ಣುಮಗಳು ಕೂಲಿ ಬಿಟ್ಟಿರುವುದು 800 ರೂಪಾಯಿಯ ಅರ್ಜಿಗೆ ಕಚೇರಿ ಸುತ್ತಲು. ಓಡಾಟ ಕಡಿಮೆ ಮಾಡಿದರೆ ನಿಮ್ಮ ತೋಟಕ್ಕೆ ಒಬ್ಬರು ಹೆಚ್ಚು ಸಿಗುತ್ತಾರೆ.

ಮೇಷ್ಟ್ರು, ಹಿರಿಯ ಪ್ರಾಥಮಿಕ ಶಾಲೆ:

ಮೇಡಂ ಹೇಳಿದ ಕ್ರಮ ಸರಿಯಾಗಿದೆ. ನಾನು ಶಾಲೆಯ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ವಾರದ ಮಧ್ಯೆ ತಪ್ಪಿಸಿಕೊಳ್ಳಲು ಶುರು ಮಾಡಿದಳು. ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಆಮೇಲೆ ನಾನು ಬೇರೆ ಕೆಲಸಕ್ಕೆ ತಾಲ್ಲೂಕು ಕಚೇರಿಗೆ ಹೋದಾಗ ಅಲ್ಲಿ ಸಾಲಿನಲ್ಲಿ ನಿಂತಿದ್ದಳು, ಎದೆಗೆ ಫೈಲ್ ಅವಚಿಕೊಂಡು. ತಾಯಿಗೆ ಓದಲು ಬರುವುದಿಲ್ಲ, ಯಾವ ಕೌಂಟರ್ ಎಂದು ಬೋರ್ಡ್ ನೋಡಿ ಹೇಳಲು ಮಗಳು. ಅದಕ್ಕೆ ಹೇಳುತ್ತೇನೆ, ಮಗಳ ಕೈಲಿ ಹಾಳೆ ಬರೆಸಿ ಪರವಾಗಿಲ್ಲ, ಕಚೇರಿಗೆ ಮಾತ್ರ ಕರೆದುಕೊಂಡು ಹೋಗಬೇಡಿ. ಮುಖ್ಯ ಶಿಕ್ಷಕರಿಗೆ ವಿಷಯ ತಿಳಿಸಿ. ವ್ಯಾಸಂಗ ಪ್ರಮಾಣಪತ್ರ ನಾಲ್ಕೈದು ಪ್ರತಿ ಒಟ್ಟಿಗೆ ಕೊಡುತ್ತಾರೆ, ಪ್ರಾಯೋಜಕತ್ವಕ್ಕೂ ಬೇಕು, ಬ್ಯಾಂಕಿಗೂ ಬೇಕು.

ಶಾಲೆಯ ಸ್ಯಾಟ್ಸ್ (ವಿದ್ಯಾರ್ಥಿಗಳ ವಿವರ ಇರುವ ಆನ್‌ಲೈನ್) ದಾಖಲೆಯಲ್ಲಿ ಮಗಳ ಹೆಸರು, ಆಧಾರ್ ಹೆಸರು ಒಂದೇ ಇದೆಯಾ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆದರೂ ಸ್ಕಾಲರ್‌ಶಿಪ್ ಅರ್ಜಿ ಮುಂದೆ ಹೋಗದು. ಮಗಳಿಗೂ ಜಾತಿ ಮತ್ತು ಆದಾಯ ಪತ್ರದ ಆರ್‌ಡಿ ಸಂಖ್ಯೆ (ಪತ್ರದ ಮೇಲೆಯೇ ಇರುವ ಸಂಖ್ಯೆ) ಬೇಕು. ಮಗನದು ನೀಲಿ ಬಾಲ ಆಧಾರ್ ಇರಬೇಕು. ಐದು ವರ್ಷ ತುಂಬಿದ ಕೂಡಲೇ ಬೆರಳಚ್ಚು ಕೊಟ್ಟು ನವೀಕರಿಸಬೇಕು, ಮರೆತರೆ ಒಂದನೇ ಕ್ಲಾಸಿನಲ್ಲಿ ಒದ್ದಾಟ. ಅಂಚೆ ಕಚೇರಿಯಲ್ಲಿ ತಾಯಿ ಜೊತೆ ಮಕ್ಕಳ ಖಾತೆ ಮಾಡಿಸುವುದು ಸುಲಭ.

ಮಗಳು ಐದನೇ ಕ್ಲಾಸು ಎಂದಿದ್ದೀರಿ. ಇದೇ ವರ್ಷ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು. ಆರನೇ ಕ್ಲಾಸಿಗೆ ತೆಗೆದುಕೊಳ್ಳುತ್ತಾರೆ, ಹತ್ತರವರೆಗೆ ಊಟ ವಸತಿ ಉಚಿತ. ಪರೀಕ್ಷೆ ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ವಿಶೇಷ ವರ್ಗದ ಮಕ್ಕಳಿಗೆ ಬೇರೆ ಸೀಟುಗಳೂ ಇರುತ್ತವೆ, ಯಾರ್ಯಾರಿಗೆ ಎಂಬುದನ್ನು ಆ ವರ್ಷದ ಪ್ರಕಟಣೆಯಲ್ಲಿ ಸರಿಯಾಗಿ ಓದಿ.

ಬಯಲುಸೀಮೆ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕನಿಗೆ ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದೆವು, 436 ಕಡಿತ ಆಗಿದೆ! ಬ್ಯಾಂಕಿನವರು ಫಾರಂ ಕೊಟ್ಟಿದ್ದಾರೆ, ಹೆಸರು ಸರಿಯಾದ ಮರಣ ಪತ್ರ ತನ್ನಿ ಎಂದಿದ್ದಾರೆ. ಕೌಂಟರ್ ಅಣ್ಣ, ನಿಮಗೆ ಎಷ್ಟು ಹೇಳಿದರೂ ಸಾಲದು.

ಅಕ್ಕ ಇನ್ನೊಂದು ಯೋಚನೆಯಲ್ಲಿದ್ದಾಳೆ. ಮಗಳನ್ನು ವಸತಿ ಶಾಲೆಗೆ ಸೇರಿಸಿ, ಮಗನನ್ನು ಕರೆದುಕೊಂಡು ಬೆಂಗಳೂರಿಗೆ ಬಂದು ಗಾರ್ಮೆಂಟ್ಸ್‌ಗೆ ಸೇರುವುದು. ನನ್ನ ರೂಮಿನಲ್ಲೇ ಇರಲಿ ಎಂದು ನಾನೂ ಹೇಳಿದ್ದೇನೆ. ಹಾಗೆ ಬಂದರೆ ಈ ಸೌಲಭ್ಯಗಳು ಹೋಗುತ್ತವಾ? ಗೃಹಲಕ್ಷ್ಮಿ ವಿಷಯವೂ ಇದೆ. ಅತ್ತೆ ಆ 2,000ದಲ್ಲಿ ಔಷಧಿ ತರುತ್ತಾರೆ, ಉಳಿದದ್ದು ಮನೆಗೇ ಕೊಡುತ್ತಾರೆ, ಕೆಟ್ಟವರಲ್ಲ. ಆದರೆ ಅಕ್ಕಪಕ್ಕದವರು ‘ಬೇರೆ ಕಾರ್ಡ್ ಮಾಡಿಸ್ಕೋ, ನಿನಗೂ 2,000 ಬರುತ್ತೆ’ ಅಂತ ದಿನಾ ಕಿವಿಗೆ ಹಾಕುತ್ತಿದ್ದಾರೆ.

ನಿವೃತ್ತ ಮೇಲ್ವಿಚಾರಕಿ:

436 ಕಡಿತ ಆಗಿದೆ ಅಂದದ್ದು ಕೇಳಿ ಜೀವ ತಂಪಾಯಿತು. ಆ ಹಣ ಬಂದರೆ ಸ್ವಲ್ಪ ಭಾಗ ಮಕ್ಕಳ ಹೆಸರಿನಲ್ಲಿ ಇಡಿಸಿ. ಬಂದ ದಿನವೇ ಸಂಬಂಧಿಕರು ಸಾಲ ಕೇಳಲು ಬರುತ್ತಾರೆ, ಅದನ್ನೂ ನೋಡಿದ್ದೇನೆ.

ಕಾರ್ಡಿನ ಮಾತು. ಒಂದು ಕಾರ್ಡಿಗೆ ಒಬ್ಬಳೇ ಯಜಮಾನಿ, ಒಂದೇ ಗೃಹಲಕ್ಷ್ಮಿ. ವಿಧವಾ ವೇತನ ಪಡೆಯುವವರಿಗೂ ಗೃಹಲಕ್ಷ್ಮಿ ಸಿಗುತ್ತದೆ, ಒಂದಕ್ಕೊಂದು ಅಡ್ಡಿಯಿಲ್ಲ. ಹಾಗಾಗಿ ಬೇರೆ ಕಾರ್ಡು ಆದರೆ ಲಾಭ ಇದೆ ಅನ್ನುವುದು ಸುಳ್ಳಲ್ಲ. ಆದರೆ ಹೊಸ ಕಾರ್ಡಿಗೆ ಅರ್ಜಿ ಯಾವಾಗಲೂ ತೆರೆದಿರುವುದಿಲ್ಲ. ಇರುವ ಕಾರ್ಡಿನಿಂದ ಅಕ್ಕ ಮತ್ತು ಮಕ್ಕಳ ಹೆಸರು ಹೊರಗೆ ಬಂದು, ಹೊಸದು ಆಗದೆ ಹೋದರೆ? ಅಕ್ಕಿಯೂ ಇಲ್ಲ, ಬಿಪಿಎಲ್ ಅನ್ನುವ ಗುರುತೂ ಇಲ್ಲ. ಮೇಲೆ ಹೇಳಿದ ಅರ್ಜಿಗಳೆಲ್ಲ ಆ ಕಾರ್ಡಿನ ಸಂಖ್ಯೆಯ ಮೇಲೆ ನಿಂತಿವೆ. ಸರ್ಕಾರದ ‘ಕುಟುಂಬ’ ತಂತ್ರಾಂಶವೂ ಮನೆಯನ್ನು ಗುರುತಿಸುವುದು ಕಾರ್ಡಿನಿಂದಲೇ. ಪಿಂಚಣಿ, ಪ್ರಾಯೋಜಕತ್ವ, ಕಾರ್ಮಿಕ ಮಂಡಳಿ, ಮೂರೂ ಮುಗಿಯುವವರೆಗೆ ಕಾರ್ಡು ಒಡೆಯಬೇಡಿ. ಅತ್ತೆಯ ಜೊತೆ ಮನಸ್ಸು ಕೆಡಿಸಿಕೊಂಡು ಒಡೆಯುವುದಂತೂ ಬೇಡವೇ ಬೇಡ. ಅಕ್ಕ ಕೂಲಿಗೆ ಹೋದಾಗ ಆ ಹುಡುಗನನ್ನು ನೋಡಿಕೊಳ್ಳುವವರು ಯಾರು, ಹೇಳು?

ಈ ‘ಕುಟುಂಬ’ದ ಬಗ್ಗೆಯೇ ನನ್ನ ಸಿಟ್ಟು. ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಅದರಲ್ಲಿದೆ. ಯಾರು ತೀರಿಕೊಂಡರು ಅಂತ ಜನನ ಮರಣ ನೋಂದಣಿಯಲ್ಲಿದೆ. ಯಾವ ಮಗು ಯಾವ ಶಾಲೆಯಲ್ಲಿದೆ ಅಂತ ಸ್ಯಾಟ್ಸ್‌ನಲ್ಲಿದೆ. 36 ವರ್ಷದ ಗಂಡಸು ತೀರಿಕೊಂಡ, ಹಿಂದೆ ಹೆಂಡತಿ, ಇಬ್ಬರು ಮಕ್ಕಳು ಅಂತ ಕಂಪ್ಯೂಟರಿಗೆ ಗೊತ್ತಾದ ಮೇಲೂ ಆ ಹೆಂಗಸು ತಾನು ವಿಧವೆ ಅಂತ ಕಚೇರಿ ಕಚೇರಿಗೆ ಹೋಗಿ ಸಾಬೀತು ಮಾಡಬೇಕೇಕೆ? ವೃದ್ಧಾಪ್ಯ ವೇತನಕ್ಕೆ ಹಿಂದೆ ಆಧಾರ್‌ನ ವಯಸ್ಸು ನೋಡಿ, ಅರ್ಜಿ ಕೇಳದೆಯೇ, ಕಂದಾಯ ಇಲಾಖೆಯವರೇ ಮನೆ ಬಾಗಿಲಿಗೆ ಹೋಗಿದ್ದುಂಟು. ಆಗದ ಕೆಲಸವಲ್ಲ ಅದು.

1975ರ ಅಕ್ಟೋಬರ್ 2ಕ್ಕೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಶಾಲಾಪೂರ್ವ ಶಿಕ್ಷಣ, ಎಲ್ಲವೂ ಮಗುವಿಗೆ ಒಂದೇ ಬಾಗಿಲಲ್ಲಿ ಸಿಗಲಿ ಅನ್ನುವುದೇ ಆವತ್ತಿನ ಲೆಕ್ಕ. ಐವತ್ತು ವರ್ಷದ ಮೇಲೂ ಹಳ್ಳಿಯಲ್ಲಿ ಆ ಬಾಗಿಲು ಇರುವುದು ಅಂಗನವಾಡಿ ಒಂದೇ. ನಿನ್ನ ಅಕ್ಕನಿಗೂ 4,000ದ ಸುದ್ದಿ ಕೊಟ್ಟಿದ್ದು ಅಂಗನವಾಡಿ ಟೀಚರೇ ತಾನೆ? ಅವಳಿಗೆ ಕೊಡುವುದು ಗೌರವಧನ, ಹೊರಿಸುವುದು ಎಲ್ಲ ಇಲಾಖೆಯ ಸರ್ವೆ. ಇರಲಿ, ಈ ಮಾತು ಶುರು ಮಾಡಿದರೆ ನಿಲ್ಲಿಸಲಾರೆ.

ಬೆಂಗಳೂರಿನ ವಿಚಾರ. ವಿಧವಾ ವೇತನ ಖಾತೆಗೆ ಬರುವುದರಿಂದ ತೊಂದರೆಯಿಲ್ಲ. ಅಕ್ಕಿಯನ್ನು ರಾಜ್ಯದ ಬೇರೆ ನ್ಯಾಯಬೆಲೆ ಅಂಗಡಿಯಲ್ಲೂ ಥಂಬ್ ಕೊಟ್ಟು ತೆಗೆದುಕೊಳ್ಳಬಹುದು. ಆದರೆ ಒಂದೇ ಕಾರ್ಡು, ಅತ್ತೆ ಅಲ್ಲಿ, ಇವಳು ಇಲ್ಲಿ, ಯಾರು ಎಲ್ಲಿ ತೆಗೆಯುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಮಗನನ್ನು ಬೆಂಗಳೂರಿನ ಅಂಗನವಾಡಿಗೆ ಸೇರಿಸಬಹುದು. ಊರಿನ ಟೀಚರ್‌ಗೆ ಹೇಳಿದರೆ ಅಂಗನವಾಡಿ ಮಕ್ಕಳ ದಾಖಲೆ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ವಲಸೆ ಅಂತ ದಾಖಲಿಸುತ್ತಾಳೆ.

ತೊಡಕು ಪ್ರಾಯೋಜಕತ್ವದಲ್ಲಿದೆ. ಅದು ಜಿಲ್ಲೆಯ ಘಟಕದ ಕೈಲಿರುವುದು. ಮನೆ ಭೇಟಿಗೆ ಬಂದಾಗ ಬೀಗ ಕಂಡರೆ ಕಡತ ಅಲ್ಲಿಗೇ ನಿಲ್ಲುತ್ತದೆ. ಮಗು ಹಾಸ್ಟೆಲ್ ಸೇರಿದರೆ ಸಾಮಾನ್ಯವಾಗಿ ಆ ಮಗುವಿನ ಹಣ ನಿಲ್ಲಿಸುತ್ತಾರೆ, ಏಕೆಂದರೆ ಅದು ಮನೆಯಲ್ಲಿ ಬೆಳೆಸಲು ಕೊಡುವ ಹಣ. ಹಾಗಾದರೆ ಮಗಳಿಗೆ ಯಾವುದು ಮೇಲು? ಮೇಷ್ಟ್ರು ವಸತಿ ಶಾಲೆ ಅಂದಿದ್ದಾರೆ, ಕಲಿಕೆಗೆ ಅದು ಒಳ್ಳೆಯದೇ. ಪರೀಕ್ಷೆಗೆ ಕೂರಿಸಿ, ಸೀಟು ಸಿಗಲಿ. ಸೇರಿಸುವುದಕ್ಕೆ ಮುಂಚೆ ಮಾತ್ರ ಆ ಹುಡುಗಿಯನ್ನು ಒಂದು ಮಾತು ಕೇಳಿ. ಅಪ್ಪನನ್ನು ಕಳೆದುಕೊಂಡ ವರ್ಷವೇ ಅವ್ವನನ್ನೂ ತಮ್ಮನನ್ನೂ ಬಿಟ್ಟು ಇರುತ್ತಾಳಾ ಅಂತ. ನನ್ನ ಅನುಭವದಲ್ಲಿ ಕೆಲವು ಮಕ್ಕಳು ಅಲ್ಲಿ ಚಿಗುರಿದ್ದಾರೆ, ಕೆಲವರು ದಸರಾ ರಜೆಗೆ ಬಂದವರು ವಾಪಸ್ ಹೋಗಿಲ್ಲ.

ಸದ್ಯಕ್ಕೆ ಮನೆ ಭೇಟಿ ಮುಗಿಯುವವರೆಗೆ ಅಕ್ಕ ಊರು ಬಿಡುವುದು ಬೇಡ. ಈ ವಾರ ಮರಣ ಪತ್ರದ ತಿದ್ದುಪಡಿಗೆ ಹೋಗಲಿ. ಅಲ್ಲಿ ಏನಂದರು ಅಂತ ಇಲ್ಲೇ ಬರೆ, ನಾನು ನೋಡುತ್ತಿರುತ್ತೇನೆ.